ಹತ್ತು ಬಸ್ಕಿಗೊಂದು ಅಡಿಕೆ

ಇಪ್ಪತ್ತನೆಯ ವಯಸ್ಸಿನಲ್ಲಿ ನಾನು ದಿನಕ್ಕೆ ಐನೂರು ಬಸ್ಕಿ ಹೊಡೆಯುತ್ತಿದ್ದೆ. ಚನ್ನಗಿರಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದ್ದರೂ ಹೌದೆನ್ನುತ್ತಿದ್ದರು, ಏಕೆಂದರೆ ಅವರಿಗೆಲ್ಲ ಹೇಳಿದವನು ನಾನೇ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಅಪ್ಪ ತೀರಿಕೊಂಡಿದ್ದರು, ಅವ್ವ ಊರವರ ಅಡಿಕೆ ಸುಲಿದು ಮನೆ ನಡೆಸುತ್ತಿದ್ದಳು. ನನಗೆ ಕೆಲಸ ಸಿಕ್ಕರೆ ಅವಳ ಬೆರಳುಗಳಿಗೆ ಬಿಡುವು ಸಿಗುತ್ತಿತ್ತು.

ನನ್ನ ಮೈ ಗಟ್ಟಿಯಾಗಲೆಂದು ಅವ್ವ ದಿನಾ ಬೆಳಿಗ್ಗೆ ಒಂದು ದೊಡ್ಡ ಲೋಟ ಹಾಲು ಕೊಡತೊಡಗಿದಳು. ಮನೆಗೆ ಬರುತ್ತಿದ್ದುದೇ ಅಷ್ಟು ಹಾಲು. ತಂಗಿ ಕರಿ ಚಹಾ ಕುಡಿದು, ಎರಡು ಕೊಡ ಹಿಡಿದು ಬಾವಿಗೆ ಹೋಗುತ್ತಿದ್ದಳು, ದಿನಕ್ಕೆ ಆರು ಸಲ. ಅದನ್ನು ಯಾರೂ ಕಸರತ್ತು ಎಂದು ಕರೆಯುತ್ತಿರಲಿಲ್ಲವಾದ್ದರಿಂದ ಅವಳ ಹಾಲಿನ ಮಾತೇ ಬರಲಿಲ್ಲ.

ಲೆಕ್ಕ ತಪ್ಪಬಾರದೆಂದು ಗರಡಿಮನೆಯ ಉಸ್ತಾದರು ನನಗೊಂದು ಪದ್ಧತಿ ಹೇಳಿಕೊಟ್ಟಿದ್ದರು. ಎಡಕ್ಕೊಂದು, ಬಲಕ್ಕೊಂದು ಬಟ್ಟಲು. ಎಡಗಡೆಯದರಲ್ಲಿ ಐವತ್ತು ಅಡಿಕೆ ಹೋಳು. ಹತ್ತು ಬಸ್ಕಿಯಾದಾಗಲೆಲ್ಲ ಒಂದು ಹೋಳನ್ನು ಬಲಕ್ಕೆ ಹಾಕಬೇಕು. ಎಡ ಬಟ್ಟಲು ಖಾಲಿಯಾದರೆ ಐನೂರು. ಬೇರೆ ಊರಿನವರಾದರೆ ಬೆಣಚುಕಲ್ಲು ಇಡುತ್ತಿದ್ದರೋ ಏನೋ, ನಮ್ಮಲ್ಲಿ ಕೈಗೆ ಸಿಗುವುದು ಅಡಿಕೆ. ಕೈಗೆ ಸಿಕ್ಕ ಅಡಿಕೆ ಬಾಯಿಗೆ ಹೋಗುತ್ತದೆ.

ಮೊದಲ ವಾರ ಒಂದೆರಡು ಹೋಳು ಹೋದವು. ತಿಂಗಳಾಗುವಷ್ಟರಲ್ಲಿ ಹಿತ್ತಲ ಕಲ್ಲಿನ ಮೇಲೆ ಕೂತು ಅಗಿಯುವುದೇ ನನ್ನ ಕಸರತ್ತಾಯಿತು. ಉಳಿದ ಹೋಳುಗಳನ್ನು ಒಂದೇ ಸಲ ಬಲ ಬಟ್ಟಲಿಗೆ ಸುರಿದುಬಿಡುತ್ತಿದ್ದೆ. ಅಡಿಕೆ ಸೊಕ್ಕಿದರೆ ಗೊತ್ತಲ್ಲ, ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಣೆಯಿಂದ ಬೆವರಿಳಿಯುತ್ತದೆ. ಐನೂರು ಬಸ್ಕಿ ಹೊಡೆದವನಿಗೂ ಅಷ್ಟು ಚೆನ್ನಾಗಿ ಬೆವರು ಬರಲಿಕ್ಕಿಲ್ಲ.

"ಸಾಕು ಬಿಡೋ ಮಗಾ, ಎಷ್ಟು ಬೆವತೀಯ" ಎಂದು ಅವ್ವ ಸೆರಗಿನಿಂದ ನನ್ನ ಹಣೆ ಒರೆಸಿ ಹಾಲಿನ ಲೋಟ ಕೊಡುತ್ತಿದ್ದಳು.

ಬಟ್ಟಲು ತುಂಬಿಡುವುದು ತಂಗಿಯ ಕೆಲಸ. ಒಂದು ದಿನ ಕೇಳಿದಳು: "ಅಣ್ಣಾ, ಐವತ್ತು ಹಾಕಿದ್ರೆ ಮೂವತ್ತೇ ವಾಪಸ್ ಬರ್ತಾವಲ್ಲ, ಯಾಕೆ?"

"ಇಲಿ ತಿಂದಿರ್ಬೇಕು."

"ಅವ್ವ ಆ ಇಲಿಗೆ ಹಾಲು ಬೇರೆ ಕುಡಿಸ್ತಾಳೆ" ಎಂದು ಕೊಡ ಎತ್ತಿಕೊಂಡು ಹೋದಳು. ಅವ್ವನಿಗೆ ಮಾತ್ರ ಹೇಳಲಿಲ್ಲ.

ಆಯ್ಕೆಗೆ ಶಿವಮೊಗ್ಗಕ್ಕೆ ಹೋದೆ. ಸಾಲಿನಲ್ಲಿ ನಿಂತವರನ್ನು ಒಬ್ಬ ಜಮಾದಾರರು ವಿಚಾರಿಸುತ್ತ ಬಂದರು. ನಾನು ಎದೆಯುಬ್ಬಿಸಿ, "ದಿನಾ ಐನೂರು ಬಸ್ಕಿ ಸಾರ್" ಎಂದೆ. ಅವರು ಮೆಚ್ಚಿ ನನ್ನನ್ನು ಮುಂದಕ್ಕೆ ನಿಲ್ಲಿಸಿದರು. ಪಕ್ಕದಲ್ಲಿದ್ದ ನ್ಯಾಮತಿ ಕಡೆಯ ಹುಡುಗ, "ಕಸರತ್ತು ಮಾಡಾಕೆ ಎಲ್ಲೈತೆ ಸಾರ್ ಟೈಮು, ಹೊಲದ ಕೆಲಸಾನೇ ಮುಗಿಯಲ್ಲ" ಎಂದ. ಪಾಪ ಅನ್ನಿಸಿತು.

ಹಾಲಿನ ಪುಣ್ಯದಿಂದ ತೂಕದಲ್ಲಿ ಪಾಸಾದೆ. ಆಮೇಲೆ ಮೈದಾನಕ್ಕೆ ನಾಲ್ಕು ಸುತ್ತು ಓಡಬೇಕಿತ್ತು. ಐನೂರು ಬಸ್ಕಿಯ ಸುದ್ದಿ ನನ್ನ ಕಾಲುಗಳಿಗೆ ತಲುಪಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಕುಸಿದು ಕೂತೆ. ನ್ಯಾಮತಿಯ ಹುಡುಗ ಬರಿಗಾಲಲ್ಲಿ ನನ್ನನ್ನು ಎರಡು ಸಲ ದಾಟಿ ಹೋದ. ಜಮಾದಾರರು ಹತ್ತಿರ ಬಂದು, "ಏಳ್ರಿ ಐನೂರು, ದಾರಿ ಬಿಡ್ರಿ" ಎಂದರು.

ಸಂಜೆ ಮನೆಗೆ ಬಂದು ಓಟದಲ್ಲಿ ಬಿದ್ದೆನೆಂದೆ. ಅವ್ವ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಕಸರತ್ತು ಹೆಚ್ಚಾತು ಕಣಪ್ಪ, ಅದಕ್ಕೇ ಕಾಲು ಸೋತಾವೆ. ಸಾಕು ಬಿಡು ಅಂತ ಬಡ್ಕೊಂಡೆ, ನೀನು ಕೇಳ್ಲಿಲ್ಲ" ಎಂದವಳೇ ನಾಳೆಗೆಂದು ಇಟ್ಟಿದ್ದ ಹಾಲನ್ನು ಬಿಸಿ ಮಾಡಿ ತಂದಳು. ಲೋಟ ಹಿಡಿದ ಅವಳ ಬೆರಳುಗಳ ಮೇಲೆ ಅಡಿಕೆಯ ಚೊಗರು ಕಪ್ಪಗೆ ಕರೆಗಟ್ಟಿತ್ತು. ಬಾಗಿಲಲ್ಲಿ ತಂಗಿ ಕೊಡ ಹಿಡಿದು, ನಾನೇನು ಹೇಳುತ್ತೇನೆಂದು ಕಾಯುತ್ತ ನಿಂತಿದ್ದಳು. ಅವತ್ತಿನಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

"ಹೌದವ್ವ, ಸ್ವಲ್ಪ ಹೆಚ್ಚೇ ಆತು ಕಾಣ್ತೈತೆ" ಎಂದು ಹಾಲು ಕುಡಿದೆ.