ಜನರಲ್ ಮಾವನ ಮರದ ಹಲ್ಲು

ನನ್ನ ಸೋದರಮಾವ ಹಲ್ಲು ಕಟ್ಟುವವನು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಅಂಗಡಿ. ಒಂದರಲ್ಲಿ ಪ್ಲಾಸ್ಟರಿನ ದವಡೆಗಳು, ಮೇಣ, ಉಜ್ಜುವ ಮೋಟರು; ಇನ್ನೊಂದರ ತುಂಬ ಪುಸ್ತಕ. ಅದೂ ಒಂದೇ ಬಗೆಯದು: ಅಮೆರಿಕ ಕಟ್ಟಿದ ಮೊದಲ ತಲೆಮಾರಿನ ನಾಯಕರ, ದಂಡನಾಯಕರ ಜೀವನಚರಿತ್ರೆ. ಊಟ ಬಿಟ್ಟಾನು, ಓದು ಬಿಡ. ಬೀದಿಯವರು ಅವನಿಗೆ 'ಜನರಲ್ಲು' ಎಂದು ಹೆಸರಿಟ್ಟಿದ್ದರು. ಮೇಲೆ ಮೇಲೆ ಸಿಡುಕಿದರೂ ಒಳಗೊಳಗೇ ಅವನಿಗೆ ಖುಷಿ.

ಅವನ ಪಾಲಿಗೆ ದೇವರೆಂದರೆ ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್. ಆ ಮಹಾನುಭಾವ ಮರದ ಹಲ್ಲು ಹಾಕಿಕೊಂಡೇ ದೇಶ ಆಳಿದ ಎಂದು ಯಾವುದೋ ತೆಳು ಪುಸ್ತಕದಲ್ಲಿ ಓದಿದ್ದ. ಅಲ್ಲಿಂದ ಶುರುವಾಯಿತು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಚುಚ್ಚುತ್ತದೆ ಎಂದು ಯಾರೇ ಬಂದರೂ ಅದೇ ಮದ್ದು: ವಾಷಿಂಗ್ಟನ್ ಮರದ ಹಲ್ಲಿಟ್ಟುಕೊಂಡು ತುಟಿಪಿಟಕ್ಕೆನ್ನಲಿಲ್ಲ, ನಿಮಗೆ ಇಷ್ಟಕ್ಕೇ ಸಾಕಾಯಿತೇ? ಬಂದವರು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು. ಆರು ವರ್ಷದ ಹಿಂದೆ ನಮ್ಮಮ್ಮನಿಗೂ, ಅಂದರೆ ತನ್ನ ಅಕ್ಕನಿಗೂ, ಸೆಟ್ಟು ಕಟ್ಟಿದ್ದು ಅವನೇ. ಅವಳು ಚುಚ್ಚುತ್ತದೆ ಎಂದಾಗಲೂ ಅದೇ ಕತೆ ಹೇಳಿ ಕಳಿಸಿದ. ಆಮೇಲೆ ಅಮ್ಮ ಎಲ್ಲವನ್ನೂ ಹಿಸುಕಿ ನುಂಗುತ್ತಿದ್ದಳು. ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಿದ್ದವಳು ನಾನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೊನ್ನೆ ಮಧ್ಯಾಹ್ನ ಅಂಗಡಿಗೆ ಹೋದರೆ ಮಾವ ಗರ ಬಡಿದವನಂತೆ ಕೂತಿದ್ದ. ಮೋಟರು ತನ್ನಷ್ಟಕ್ಕೆ ತಿರುಗುತ್ತಿತ್ತು, ಆರಿಸಿದವಳು ನಾನೇ. ಮುಂದೆ ಹೊಸದಾಗಿ ತಂದ ದಪ್ಪ ಪುಸ್ತಕ ಬಿದ್ದಿತ್ತು. ಮರದ ಹಲ್ಲು ಶುದ್ಧ ಸುಳ್ಳಂತೆ. ವಾಷಿಂಗ್ಟನ್ನನ ಸೆಟ್ಟಿನಲ್ಲಿದ್ದದ್ದು ಪ್ರಾಣಿಯ ದಂತ, ಸೀಸ, ಜೊತೆಗೆ ಮನುಷ್ಯರ ಹಲ್ಲು. ಗುಲಾಮರಿಂದ ಒಂಬತ್ತು ಹಲ್ಲು ಕೊಂಡದ್ದಕ್ಕೆ ದಾಖಲೆಯೂ ಇದೆಯಂತೆ. ಅಂಥವನನ್ನೇ ನಾವು ಇಷ್ಟು ವರ್ಷ ಹೊಗಳಿದ್ದು.

ಮಾವನನ್ನು ಹಾಗೆ ಕೂರಿಸಿದ್ದು ಮಾತ್ರ ಅದರ ಮುಂದಿನ ಪುಟ. ಬೆರಳಿಟ್ಟು ತೋರಿಸಿದ. ವಾಷಿಂಗ್ಟನ್ ತನ್ನ ಹಲ್ಲಿನ ವೈದ್ಯನಿಗೆ ಕಾಗದ ಬರೆದಿದ್ದ. ಸೆಟ್ಟು ಬಾಯಲ್ಲಿ ಹಿಂಸೆ ಕೊಡುತ್ತದೆ, ತುಟಿಯನ್ನು ಉಬ್ಬಿಸುತ್ತದೆ ಎಂದು ದೂರಿದ್ದ.

"ಅವನೂ ಹೇಳ್ಕೊಂಡಿದ್ದಾನೆ," ಎಂದ ಮಾವ. "ನಾನು ಯಾರನ್ನೂ ಹೇಳೋಕೇ ಬಿಡ್ಲಿಲ್ಲ."

ಚಪ್ಪಲಿ ಮೆಟ್ಟುವುದನ್ನೂ ಮರೆತು ನನ್ನ ಹಿಂದೆಯೇ ಮನೆಗೆ ಬಂದ. ಬಾಯಿ ತೆಗೆ ಎಂದರೆ ಅಮ್ಮ ಏನೂ ಇಲ್ಲ ಹೋಗೋ ಎಂದು ಮುಖ ತಿರುಗಿಸಿದಳು. ಅವನು ಬಿಡಲಿಲ್ಲ. ಕಿಟಕಿಯ ಬೆಳಕಿಗೆ ಕೂರಿಸಿ ಕೆಳಗಿನ ಸೆಟ್ಟು ಹೊರತೆಗೆದ. ವಸಡಿನುದ್ದಕ್ಕೂ ಕೆಂಪಗೆ ಹಸಿ ಹುಣ್ಣು, ಮಾಯ್ದ ಗಾಯದ ಮೇಲೆ ಮತ್ತೆ ಗಾಯ.

"ಯಾವಾಗಿಂದ ಅಕ್ಕ?"

ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀನು ಹಾಕಿದ ದಿನದಿಂದ ಕಣೋ. ಒಂದ್ಸಲ ಹೇಳಿದ್ನಲ್ಲ."