ಶೇಂಗಾ ಡಾಕ್ಟರಮ್ಮ ಮತ್ತು ನಮ್ಮ ಮನೆಯ ಬೆಕ್ಕು

ಶೇಂಗಾ ಹುರಿಯುವ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನನಗೆ ಮೊದಲು ನಾಚಿಕೆಯಾಗುತ್ತದೆ. ಈಗ ಅಡುಗೆಮನೆಯಿಂದ ಅದೇ ವಾಸನೆ ಬರುತ್ತಿದೆ, ಅದಕ್ಕೇ ಬರೆಯಲು ಕೂತೆ.

ಎಂಬತ್ತರ ದಶಕದ ಆರಂಭ. ನಾನು ಸೇಡಂನಲ್ಲಿ ಮಾಸ್ತರ. ತಿಂಗಳಿಗೊಂದು ಭಾನುವಾರ ಗುಲಬರ್ಗಾದಿಂದ ಒಬ್ಬ ಡಾಕ್ಟರಮ್ಮ ವಾಡಿಯಲ್ಲಿ ರೈಲು ಬದಲಿಸಿ ನಮ್ಮ ಶಾಲೆಗೆ ಬರುತ್ತಿದ್ದರು. ನಡೆಯದ, ಮಾತು ಬಾರದ, ಕತ್ತು ನಿಲ್ಲದ ಮಕ್ಕಳನ್ನು ನೋಡಲು. ಅವರು ಮಕ್ಕಳ ಮೆದುಳು, ನರಗಳ ವೈದ್ಯೆ. ‘ನರದ ಡಾಕ್ಟರ್’ ಎಂಬ ಸುದ್ದಿ ಹಬ್ಬಿದ್ದೇ ತಡ, ಊರಿನ ಮೊಣಕಾಲು ನೋವಿನ ಮುದುಕರೆಲ್ಲ ಧೋತರ ಎತ್ತಿಕೊಂಡು ಸಾಲು ಹಿಡಿದರು.

"ಮೊದ್ಲ ನನಗೊಂದು ಸೂಜಿ ಹಾಕ್ರಿ. ಹುಡುಗ್ರು ಎಲ್ಲಿ ಓಡಿಹೋಗ್ತಾವ?" ಎಂದರು ಊರಗೌಡರು.

"ಓಡೂ ಹಂಗಿದ್ರ ನಾ ಯಾಕ ಬರ್ತಿದ್ದೆ ಗೌಡ್ರೆ?" ಎಂದರು ಡಾಕ್ಟರಮ್ಮ.

ಅವರ ಚೀಲದಲ್ಲಿ ವಾಡಿ ಸ್ಟೇಷನ್ನಿನ ಶೇಂಗಾ ಪೊಟ್ಟಣ ಇದ್ದೇ ಇರುತ್ತಿತ್ತು. ಸಿಪ್ಪೆ ಬಿಡಿಸದ ಕಾಯಿಗಳನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ಹರಡಿ, ಮಗುವಿನೆದುರು ತಾವೂ ನೆಲಕ್ಕೇ ಕೂರುವರು. ಯಾವ ಕೈ ಮುಂದೆ ಬರುತ್ತದೆ, ಬೆರಳು ಮಡಚುತ್ತದೋ ಇಲ್ಲವೋ, ಮಗು ತಾಯಿಯ ಮುಖ ನೋಡುತ್ತದೋ ಎಂದು ಗಂಟೆಗಟ್ಟಲೆ ನೋಡುವರು. ಆಮೇಲೆ ಮನೆಯಲ್ಲಿ ದಿನಾ ಏನೇನು ಮಾಡಿಸಬೇಕೆಂದು ತಾಯಂದಿರಿಗೆ ಕಲಿಸುವರು. "ಸೂಜಿ ಇಲ್ಲ, ಬಾಟ್ಲಿ ಇಲ್ಲ, ಇದೆಂಥ ಡಾಕ್ಟರ್ಕಿ?" ಎಂದು ಊರು ತೀರ್ಪು ಕೊಟ್ಟಿತು. ಶೇಂಗಾ ಡಾಕ್ಟರಮ್ಮ ಎಂಬ ಹೆಸರೂ ಬಿತ್ತು.

ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಮೊದಲ ದಿನವೇ, ಇಂಥ ಮಕ್ಕಳನ್ನು ಬಚ್ಚಿಡುವುದು ಮೌಢ್ಯವೆಂದು ಭಾಷಣ ಬಿಗಿದೆ. ಬಸವಣ್ಣನವರನ್ನೂ ಎಳೆತಂದೆ. ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ನಮ್ಮ ಮನೆಯ ಒಳಕೋಣೆಯಲ್ಲಿ, ಚಿಲಕದ ಹಿಂದೆ, ಏಳು ವರ್ಷದ ನನ್ನ ಮಗಳು ನೀಲಾ ಮಲಗಿದ್ದಳು. ಅವಳಿಗೆ ಕೂರಲೂ ಬಾರದು, ಮಾತೂ ಬಾರದು. ನನ್ನ ತಂಗಿಗೆ ಬಂದ ಸಂಬಂಧ ತಪ್ಪೀತೆಂದು ಹಾಕಿದ ಚಿಲಕ ಅದು. ತಂಗಿಯ ಮದುವೆಯಾಗಿ ಮೂರು ವರ್ಷ ಕಳೆದಿದ್ದರೂ ತೆಗೆದಿರಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ "ಮುಂದಿನ ತಿಂಗಳು" ಎನ್ನುತ್ತಿದ್ದೆ.

ಒಂದು ಭಾನುವಾರ ಡಾಕ್ಟರಮ್ಮನ ಊಟ ನಮ್ಮ ಮನೆಯಲ್ಲಿ. ರೊಟ್ಟಿ, ಪುಂಡಿಪಲ್ಯ. ಒಳಗಿಂದ ನೀಲಾಳ ದನಿ ಬಂತು.

"ಬೆಕ್ಕುರಿ," ಎಂದೆ ನಾನು.

ಅವರು ರೊಟ್ಟಿ ಮುರಿಯುತ್ತಲೇ ಕೇಳಿದರು: "ಬೆಕ್ಕಿಗಿ ಎಷ್ಟು ವರ್ಷರಿ ಮಾಸ್ತರ್ರೆ?"

ಉತ್ತರ ಕೊಟ್ಟವಳು ನನ್ನ ಹೆಂಡತಿ. "ಏಳು ತುಂಬ್ಯಾವ್ರಿ," ಎಂದವಳೇ ಎದ್ದು ಚಿಲಕ ತೆಗೆದಳು.

ಡಾಕ್ಟರಮ್ಮ ಕೈ ತೊಳೆದು ನೆಲಕ್ಕೆ ಕೂತು ಶೇಂಗಾ ಹರಡಿದರು. ನೀಲಾ ಬಹಳ ಹೊತ್ತು ನೋಡಿದಳು. ಕೊನೆಗೆ ಅಂಗೈಯಿಂದ ಒಂದು ಕಾಯಿಯನ್ನು ತಳ್ಳತೊಡಗಿದಳು. ತಳ್ಳಿದ್ದು ನನ್ನ ಕಡೆಗೆ.

"ತಿಳೀತದ ಈಕಿಗಿ, ಎಲ್ಲಾ ತಿಳೀತದ," ಎಂದರು ಡಾಕ್ಟರಮ್ಮ. "ಇನ್ನೂ ಕಲೀತಾಳ. ಎರಡು ವರ್ಷದಾಕಿ ಇದ್ದಾಗ ತಂದಿದ್ರ ಭಾಳ ಕಲೀತಿದ್ಳು. ಹೋದ ಐದು ವರ್ಷಕ್ಕ ನನ್ನ ಚೀಲದಾಗ ಏನೂ ಇಲ್ರಿ."

ಅಂದು ಮಧ್ಯಾಹ್ನ ಊರೆಲ್ಲ ನೋಡುವಂತೆ ಮಗಳನ್ನು ಎತ್ತಿಕೊಂಡು ಶಾಲೆಗೆ ಹೋದೆ. "ನಿಮಗ ಮಗಳದಾಳೇನ್ರಿ ಮಾಸ್ತರ್?" ಎಂದರು ಗೌಡರು. ನನ್ನ ಭಾಷಣಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.

ಡಾಕ್ಟರಮ್ಮ ಚಿತ್ತಾಪುರ, ಚಿಂಚೋಳಿಗಳಿಗೂ ಹೀಗೇ ಪೊಟ್ಟಣ ಹಿಡಿದು ವರ್ಷಗಟ್ಟಲೆ ತಿರುಗಿದರು. ಸೂಜಿ ಚುಚ್ಚಿದವರಿಗೆಲ್ಲ ಶಾಲು ಹೊದಿಸಿದ ನಮ್ಮ ಊರಿಗೆ ಅವರ ನೆನಪಾಗಲಿಲ್ಲ.

ನೀಲಾಳ ಕೂದಲು ಈಗ ನರೆತಿದೆ. ಕೂರಲು ಕಲಿತಳು, ಶೇಂಗಾ ಸುಲಿಯಲು ಕಲಿತಳು. ಮಾತು ಬರಲಿಲ್ಲ. ತಲಬಾಗಿಲಲ್ಲೇ ಕೂತು, ಬಂದವರಿಗೆಲ್ಲ ಒಂದೊಂದು ಕಾಳು ಕೊಡುತ್ತಾಳೆ. ಒಂದು ಕಾಳು ಸುಲಿಯಲು ಅವಳಿಗೆ ಬಹಳ ಹೊತ್ತು ಬೇಕು. ಹುರಿದ ಶೇಂಗಾ ಈಗಷ್ಟೇ ಅವಳ ಮುಂದೆ ಬಂದಿದೆ. ಬರೆಯುವುದನ್ನು ಇಲ್ಲಿಗೇ ನಿಲ್ಲಿಸಿ ನಾನೂ ಎದುರು ಹೋಗಿ ಕೂತು ಕೈಯೊಡ್ಡುತ್ತೇನೆ. ಅವಸರವಿಲ್ಲ. ಚಿಲಕದ ಹಿಂದೆ ಅವಳು ನನಗಾಗಿ ಕಾದಷ್ಟು ನಾನಿನ್ನೂ ಕಾದಿಲ್ಲ.