ತಂತಿಯಲ್ಲಿ ಬಂದ ‘ಸೀರಿಯಸ್’

ಸೀರಿಯಸ್ ಎಂದರೆ ಇನ್ನೂ ಉಸಿರಾಡುತ್ತಿದ್ದಾರೆ. ಎಕ್ಸ್‌ಪೈರ್ಡ್ ಎಂದರೆ ತೀರಿಕೊಂಡರು. ಇಷ್ಟು ಇಂಗ್ಲಿಷು ಶಾಲೆಯ ಮುಖ ಕಂಡ ಯಾರಿಗಾದರೂ ಗೊತ್ತು. ಆದರೆ ಅರವತ್ತರ ದಶಕದಲ್ಲಿ ಊರು ಬಿಟ್ಟು ವಡೋದರಾ ಸೇರಿದ್ದ ನಮ್ಮಂಥವರು ತಂತಿ ಓದುವ ರೀತಿಯೇ ಬೇರೆ. ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಕಳಿಸುತ್ತಿರಲಿಲ್ಲ. ‘ಸೀರಿಯಸ್’ ಎಂದು ಬರೆಸುತ್ತಿದ್ದರು, ಓದಿದವರು ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಈ ಜಾಣತನ ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅಪ್ಪನಿಗೆ ಕೊಯಾಲಿಯ ರಿಫೈನರಿಯಲ್ಲಿ ಕೆಲಸ, ಮನೆ ಗೋರ್ವಾದಲ್ಲಿ. ಒಂದು ಮಧ್ಯಾಹ್ನ ಧಾರವಾಡದಿಂದ ಸೋದರಮಾವನ ತಂತಿ ಬಂತು: ‘ಮದರ್ ಸೀರಿಯಸ್. ಸ್ಟಾರ್ಟ್ ಇಮ್ಮಿಡಿಯೆಟ್ಲಿ.’ ಅವ್ವನಿಗೆ ಇಂಗ್ಲಿಷ್ ಬಾರದು. ಅಪ್ಪನ ಮುಖ ನೋಡಿ, “ನಮ್ಮವ್ವ ಹೋದ್ಲೇನು?” ಎಂದಳು. ಅಪ್ಪ ಪಕ್ಕದಲ್ಲೇ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ರಾಯರಿಗೆ ಆ ಕಾಗದ ತೋರಿಸಿದ.

“ತಂತಿಯಲ್ಲಿ ಸೀರಿಯಸ್ ಅಂದ್ರೆ ಆಯ್ತು ಅಂತ್ಲೇ ಅರ್ಥ ಮಾರಾಯ್ರೆ. ಎಕ್ಸ್‌ಪೈರ್ಡ್ ಅಂತ ಯಾರು ಹಾಕ್ತಾರೆ? ದಾರಿಯಲ್ಲಿ ಹೆಂಗಸರಿಗೆ ಏನಾದ್ರೂ ಆದ್ರೆ?”

ಅವ್ವ ನಲ್ಲಿಯ ಕೆಳಗೆ ಕೂತು ಸ್ನಾನ ಮಾಡಿದಳು. ನೀರಿನ ಸದ್ದಿನ ನಡುವೆಯೂ ಅವಳ ಅಳು ಕೇಳಿಸುತ್ತಿತ್ತು. ಇನ್ನು ಅವಸರವೇಕೆ? ರೈಲು ಬದಲಿಸುತ್ತಾ ಊರು ಮುಟ್ಟುವಷ್ಟರಲ್ಲಿ ಸಂಸ್ಕಾರವೆಲ್ಲ ಮುಗಿದಿರುತ್ತದೆ. ಅಪ್ಪನಿಗೆ ರಜೆ ಸಿಗುವುದು ಮುಂದಿನ ವಾರ. ದಿನಕರ್ಮಕ್ಕೆ ಹೋದರಾಯಿತು ಎಂದು ಇಬ್ಬರೂ ಒಪ್ಪಿದರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ನಾವು ಧಾರವಾಡ ತಲುಪಿದಾಗ ಮಾವ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮನುಷ್ಯ, ಒಂದು ಪದವನ್ನೂ ಅಡ್ಡಾದಿಡ್ಡಿ ಬಳಸುವವನಲ್ಲ.

“ಈಗ ಬಂದ್ರೇನು? ನಿನ್ನೆ ಹೋದ್ಲು,” ಎಂದ.

ಅಪ್ಪ, “ಸೀರಿಯಸ್ ಅಂತ ಬರದಿದ್ರಿ...” ಎಂದ.

“ಸೀರಿಯಸ್ ಇದ್ಲು, ಅದಕ್ಕ ಹಂಗ ಬರದೆ. ಹೋಗಿದ್ರ ಎಕ್ಸ್‌ಪೈರ್ಡ್ ಅಂತ ಬರೀತಿದ್ದಿಲ್ಲೇನು ನಾ? ದಾರ್‍ಯಾಗ ಇರ್ತೀರಿ, ಇವತ್ತ ನಾಳೆ ಬರ್ತೀರಿ ಅಂತ ತಿಳದು ಮತ್ತ ತಂತಿ ಕೊಡಲಿಲ್ಲ.”

ಅವ್ವ ಕೈಯಲ್ಲಿದ್ದ ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ. “ನನ್ನ ಕೇಳಿದ್ಲೇನಣ್ಣಾ?”

ಮಾವ ಅವಳ ಮುಖ ನೋಡದೆ ಹೇಳಿದ: “ದಿನಾ ಕೇಳ್ತಿದ್ಲು ತಂಗಿ. ‘ನನ್ನ ಮ್ಯಾಲೆ ಸಿಟ್ಟಾಗ್ಯಾಳೇನೋ ಆಕಿ’ ಅಂತ.”